ಎರಡು ಕಂಪನಿಯ ರ‍್ಯಾಮ್

ಮಗಳ ಪೆನ್ಸಿಲ್ ಡಬ್ಬಿ ತೆರೆದಾಗ ಬಂದ ರಬ್ಬರಿನ ವಾಸನೆ ನನ್ನನ್ನು ನಾನು ಬೆಳೆದ ಭದ್ರಾವತಿಯ ಕ್ವಾರ್ಟರ್ಸಿಗೆ ಕರೆದೊಯ್ದಿತು.

ಕಾರ್ಖಾನೆಯ ಸೈರನ್ನಿಗೆ ಓಡಿ ಓಡಿ ಅಪ್ಪನ ನಡಿಗೆಯೇ ಓಟವಾಗಿತ್ತು. ಪೇಟೆಗೆ ಹೋದರೆ ಅವರು ಹತ್ತು ಮಾರು ಮುಂದೆ. ಹಿಂದೆ ಚೀಲ ಹಿಡಿದ ಅಮ್ಮ, "ಸ್ವಲ್ಪ ನಿಲ್ರೀ!"

ಒಮ್ಮೆ ನಮ್ಮ ಕಂಪ್ಯೂಟರಿಗೆ ಇನ್ನೊಂದು ರ‍್ಯಾಮ್, ಅಂದರೆ ಮೆಮೊರಿ ಪಟ್ಟಿ, ಹಾಕಲು ಶಿವಮೊಗ್ಗದಿಂದ ರಿಪೇರಿಯವರು ಬಂದರು. ಹಳೆಯದು ಒಂದು ಕಂಪನಿಯದು, ಹೊಸದು ಇನ್ನೊಂದರದು. ಎರಡನ್ನೂ ಕೂರಿಸಿದರೆ ಕಂಪ್ಯೂಟರ್ ಬೀಪ್ ಬೀಪ್ ಎಂದು ಕೂಗಿ ಸುಮ್ಮನಾಯಿತು. ಅಪ್ಪನ ಮುಖ ಬಾಡಿತು. ರಿಪೇರಿಯವರು ನನ್ನ ರಬ್ಬರ್ ಇಸ್ಕೊಂಡು ಎರಡರ ಅಂಚಿನ ಹಳದಿ ಲೋಹದ ಹಲ್ಲುಗಳನ್ನೂ ಉಜ್ಜಿ ಮತ್ತೆ ಕೂರಿಸಿದರು. ಪರದೆ ಬೆಳಗಿತು.

"ಹೊಸದು ಫಾಸ್ಟ್ ಸಾರ್. ಆದ್ರೆ ಜೊತೆಗಿದ್ರೆ ಹಳೇದರ ಸ್ಪೀಡಿಗೇ ಓಡುತ್ತೆ," ಎಂದರು.

ಕಾಫಿ ತಂದ ಅಮ್ಮ, "ನೋಡ್ರೀ, ಅದಕ್ಕಿರೋ ಬುದ್ಧಿ ನಿಮಗಿಲ್ಲ," ಎಂದಳು. ಅಪ್ಪ ಲೋಟದೊಳಗೇ ನಕ್ಕರು.

ಡಬ್ಬಿ ಮುಚ್ಚಿ ಕಿಟಕಿಯಾಚೆ ನೋಡಿದೆ. ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಬೀದಿಯಲ್ಲಿ ಇಬ್ಬರೂ ವಾಕಿಂಗ್ ಮುಗಿಸಿ ಬರುತ್ತಿದ್ದರು. ಮಂಡಿನೋವಿನ ಅಪ್ಪ ಕೋಲೂರಿ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಅಮ್ಮನ ಕಾಲು ಈಗಲೂ ಚುರುಕು. ಆದರೂ ಅವಳು ಅರ್ಧ ಹೆಜ್ಜೆಯೂ ಮುಂದಿರಲಿಲ್ಲ.