ಇದೊಂದು ಕುಚ್ಚು

ಸೀರೆಗೆ ಕುಚ್ಚು ಕಟ್ಟಿಸಬೇಕೆಂದರೆ ಕುರುಬರಹಳ್ಳಿಯ ಹೆಂಗಸರು ಜಯಶೀಲಾಳ ಮನೆಗೇ ಹೋಗುತ್ತಿದ್ದರು. ಸೆರಗು ಮಡಿಲಿಗೆ ಬಂತೆಂದರೆ ಆಕೆಗೆ ಹೊತ್ತು ಏರಿದ್ದೂ ತಿಳಿಯದು, ಇಳಿದದ್ದೂ ತಿಳಿಯದು. ಒಲೆಯ ಮೇಲಿಟ್ಟ ಹಾಲು ಎಷ್ಟು ಸಲ ಸೀದುಹೋಗಿತ್ತೋ!

ಒಳಕೋಣೆಯಲ್ಲಿ ಅತ್ತೆ ಮುನಿಲಕ್ಷ್ಮಮ್ಮ ಲಕ್ವ ಹೊಡೆದು ಮಲಗಿದ್ದರು. ಮಾತು ಬಿದ್ದುಹೋಗಿತ್ತು. ಏನು ಬೇಕಾದರೂ ಸ್ಟೀಲ್ ಲೋಟದಿಂದ ಮಂಚದ ಕಂಬಿಗೆ ಟಣಟಣ ಬಡಿಯುವರು. "ಬಂದೆ ಅತ್ತೆ, ಇದೊಂದು ಕುಚ್ಚು" ಎನ್ನುವಳು ಜಯಶೀಲಾ. ಅವಳ ಕುಚ್ಚು ಎಂದೂ ಒಂದಕ್ಕೇ ಮುಗಿದದ್ದಿಲ್ಲ.

ಅಂದು ಕೈಯಲ್ಲಿದ್ದದ್ದು ಮದುವೆ ಹೆಣ್ಣಿನ ಧಾರೆ ಸೀರೆ. "ಅಮ್ಮನ ಕಡೆ ಸ್ವಲ್ಪ ನೋಡ್ಕೊಳೇ" ಎಂದು ಹೇಳಿ ಗಂಡ ನಾಣಿ ಕೆಲಸಕ್ಕೆ ಹೋಗಿದ್ದ. ಬೆಳಿಗ್ಗೆ ಲೋಟದ ಸದ್ದಿಗೆ ಎಳೆ ತಪ್ಪಿ, ಕಟ್ಟಿದ್ದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದ್ದಳು. ಆಮೇಲೆ ಮನೆ ತಣ್ಣಗಿತ್ತು. ಕೆಲಸ ಹೂವೆತ್ತಿದ ಹಾಗೆ ಸಾಗಿತು. ಸೂಜಿಗೆ ಬೆಳಕು ಸಾಲದೆ ತಲೆಯೆತ್ತಿದಾಗ ಹೊರಗೆ ಸಂಜೆಯಾಗಿತ್ತು.

ಸೀರೆ ಒಯ್ಯಲು ಬಂದ ಎದುರುಮನೆಯ ಲತಾ ಸೆರಗು ಸವರಿ, "ಎಷ್ಟು ಚೆನ್ನಾಗಿ ಬಂದಿದೆ ಕಣೇ! ಅಂದಂಗೆ, ನಿಮ್ಮತ್ತೆ ಸದ್ದೇ ಇಲ್ವಲ್ಲ ಇವತ್ತು?" ಎಂದಳು.

ಜಯಶೀಲಾ ಮಡಿಲ ಸೀರೆ ಬಿಸುಟು ಒಳಗೆ ಓಡಿದಳು. ಮುದುಕಿಯ ಮೈ ಆಗಲೇ ಸೆಟೆದಿತ್ತು. ಕೈ ಕಂಬಿಯ ಬಳಿಯೇ ಇತ್ತು. ಬೆರಳುಗಳು ಬಿಗಿಹಿಡಿದಿದ್ದ ಲೋಟ ಬಡಿದು ಬಡಿದು ಬಾಯಿಂದ ಬುಡದವರೆಗೆ ಸೀಳಿತ್ತು.

ಅದು ಪ್ಲಾಸ್ಟಿಕ್ ಲೋಟ. ಸದ್ದಿನ ಕಾಟ ತಡೆಯಲಾರದೆ ಬೆಳಿಗ್ಗೆ ಜಯಶೀಲಾಳೇ ಬದಲಾಯಿಸಿ ಇಟ್ಟಿದ್ದಳು.