ರಾಜನನ್ನು ಮುಟ್ಟಿದ ಮೇಲೆ

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಮಾಡದಕೆರೆ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಚಿತ್ರದುರ್ಗದಲ್ಲಿ ಶಿಕ್ಷಕರ ಕ್ರೀಡಾಕೂಟ ನಡೆದಿತ್ತು. ಚದುರಂಗಕ್ಕೆ ಹೆಸರು ಕೊಟ್ಟ ಹೆಂಗಸು ನಾನೊಬ್ಬಳೇ. ಜೊತೆಗೆ ಬಂದಿದ್ದ ಮಾವನವರು ನನ್ನ ಬೆನ್ನ ಹಿಂದೆಯೇ ಬೆಂಚಿನ ಮೇಲೆ ಕುಳಿತರು.

"ಬೇಗ ಮುಗಿಸಮ್ಮ, ಐದರ ಬಸ್ಸಿಗೆ ಹೋಗಾಣ."

ನನಗೆ ಆಟ ಕಲಿಸಿದವನು ಕುರಿ ಕಾಯುತ್ತಿದ್ದ ನನ್ನಜ್ಜ, ಬಂಡೆಯ ಮೇಲೆ ಇದ್ದಿಲಿನಿಂದ ಮನೆ ಬರೆದು. ಅಜ್ಜನ ಆಟದಲ್ಲಿ ರಾಜ ಒಂದು ಸಲ ಮಾತ್ರ ಕುದುರೆಯಂತೆ ನೆಗೆಯಬಹುದಿತ್ತು. ಕುದುರೆಯ ಮುಂದಿನ ಕಾಲಾಳನ್ನು ಸರಿಸಿ, ತೆರವಾದ ಮನೆಗೆ ರಾಜನನ್ನು ನೆಗೆಸಿ ಭದ್ರ ಮಾಡಿಕೊಂಡೇ ನಾವು ಆಟ ಶುರುಮಾಡುತ್ತಿದ್ದೆವು.

ಎದುರಿಗೆ ಹಿರಿಯೂರಿನ ಹೆಡ್ಮಾಸ್ಟರು. ಮೂರು ನಡೆ ಮುಗಿದಿತ್ತು. ನಾನು ರಾಜನನ್ನೆತ್ತಿ ನೆಗೆಸಿದೆ.

"ಇಲ್ಲಿ ಹಂಗೆ ನೆಗ್ಸಂಗಿಲ್ರಿ ಮೇಡಂ," ಎಂದರು ತೀರ್ಪುಗಾರರು.

"ಹಂಗಾದ್ರೆ ವಾಪಸ್ ಇಡ್ತೀನ್ರಿ."

"ಇಡ್ರಿ. ಆದ್ರೆ ಮುಟ್ಟಿದ ಕಾಯಿನೇ ನಡೆಸ್ಬೇಕು."

ರಾಜನಿಗೆ ಹೋಗಲು ಇದ್ದದ್ದು ಒಂದೇ ಮನೆ, ನೇರ ಮುಂದಿನದು. ಅಲ್ಲಿ ಅವನನ್ನು ಇಟ್ಟ ಕೂಡಲೇ ನನ್ನ ಮಂತ್ರಿಯ ದಾರಿಯೂ ಮುಚ್ಚಿಹೋಯಿತು. ಯಾರೋ ಕಿಸಕ್ಕನೆ ನಕ್ಕರು. ಬೇರೆ ಆಟ ಮುಗಿಸಿದವರೆಲ್ಲ ಬಂದು ನಮ್ಮ ಮೇಜಿನ ಸುತ್ತ ನಿಂತರು, ಗಾಳಿಯೇ ಇಲ್ಲ. ಸೆರಗಿನಿಂದ ಕತ್ತು ಒರೆಸಿಕೊಳ್ಳಲೂ ಸಂಕೋಚ.

"ಬಿಟ್ಬಿಡ್ರಿ ಮೇಡಂ, ಇನ್ನೇನೈತೆ ಇದ್ರಾಗೆ?" ಹೆಡ್ಮಾಸ್ಟರು ಮೆಲ್ಲಗೆ ಕೇಳಿದರು.

ಅವರು ಹೇಳಿದ್ದು ನಿಜವೇ. ಹಿಂದಿನಿಂದ ಮಾವನವರು ಎರಡು ಸಲ ಕೆಮ್ಮಿದರು. ಎದ್ದುಬಿಡಬೇಕು ಅನ್ನಿಸುತ್ತಿತ್ತು. ಆದರೆ ಎದ್ದರೆ, ಹೆಂಗಸರಿಗೆ ಇದೆಲ್ಲ ಯಾಕೆ ಎನ್ನುವ ಮಾತು ಬಾಗಿಲಿನ ತನಕ ಬೆನ್ನು ಬಿಡುವುದಿಲ್ಲವೆಂದು ಗೊತ್ತಿತ್ತು. ಕಾಲು ಜೋಮು ಹಿಡಿದಿತ್ತು. ಒಂದೊಂದೇ ಕಾಯಿ ಕಳೆದುಕೊಳ್ಳುತ್ತಾ ಕೂತೇ ಇದ್ದೆ. ಐದು ಗಂಟೆ ಹೊಡೆದದ್ದು ಕೇಳಿಸಿತು. ಆಮೇಲೂ ಆಡಿದೆ. ಕೊನೆಗೆ ರಾಜನಿಗೆ ಒಂದು ಮನೆಯೂ ಉಳಿಯಲಿಲ್ಲ.

ಹೆಡ್ಮಾಸ್ಟರು ಕಾಯಿಗಳನ್ನು ಮತ್ತೆ ಜೋಡಿಸಿ, ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸಿ ಕೋಟೆ ಕಟ್ಟುವುದನ್ನು ತೋರಿಸಿದರು. "ಇದೊಂದು ಗೊತ್ತಿದ್ದಿದ್ರೆ ನಂಗೆ ಕಷ್ಟ ಆಗ್ತಿತ್ರಿ," ಎಂದರು. ನನಗೆ ಅಳು ಬಂದದ್ದು ಆಗ.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಮಾವನವರು ಬೈಯುತ್ತಾರೆಂದುಕೊಂಡಿದ್ದೆ.

"ಬರೋ ವರ್ಷಕ್ಕೆ ಅದನ್ನ ಕಲ್ತ್ಕಂಡು ಬಾ," ಎಂದಷ್ಟೇ ಅಂದರು.

ಮುಂದಿನ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಹೊಳಲ್ಕೆರೆ ತನಕ ನಿಂತೇ ಹೋದೆವು.