ಮಂಗಳಮ್ಮ ಸಾರಿಸಿದ ನೆಲ

ಸಿಂಧಘಟ್ಟದಲ್ಲಿ ಯಾವ ಹೆಂಗಸು ಸತ್ತರೂ ಮೈ ತೊಳೆಯಲು ಕರೆಯುತ್ತಿದ್ದುದು ನಮ್ಮ ಬೀದಿಯ ಮಂಗಳಮ್ಮನನ್ನೇ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಹಾಗಾಗಿ ಆಕೆಯ ಪಕ್ಕದ ಮನೆಯ ಒಂಟಿ ಮುದುಕಿ ಕುಳ್ಳಮ್ಮ ಕೊಲೆಯಾಗಿ ಬಿದ್ದಿದ್ದ ಬೆಳಿಗ್ಗೆ, ಪೊಲೀಸರು ಬರುವಷ್ಟರಲ್ಲಿ ಮಂಗಳಮ್ಮ ಹೆಣಕ್ಕೆ ನೀರು ಹಾಕಿ, ಸೀರೆ ಬದಲಿಸಿ, ರಕ್ತ ಹರಿದಿದ್ದ ಮಣ್ಣಿನ ನಡುಮನೆಯನ್ನು ಸಗಣಿಯಿಂದ ಸಾರಿಸಿದ್ದಕ್ಕೆ ಊರಿನ ಯಾರಿಗೂ ಆಶ್ಚರ್ಯವಾಗಲಿಲ್ಲ. ಮುದುಕಿಯ ಕತ್ತಿನ ಸರ ಹೋಗಿತ್ತು.

ಕೆ.ಆರ್. ಪೇಟೆಯಿಂದ ಬಂದ ಇನ್ಸ್‌ಪೆಕ್ಟರ್ ತಲೆ ಚಚ್ಚಿಕೊಂಡರು.

"ಹೆಜ್ಜೆ ಗುರುತು, ರಕ್ತ, ಎಲ್ಲಾ ತೊಳ್ದು ಕೂತಿದ್ದೀಯಲ್ಲಮ್ಮ."

"ಸತ್ತೋರ್ನ ಅಂಗೇ ಬುಡಕ್ಕಾಯ್ತದಾ ಸ್ವಾಮಿ?" ಅಂದಳು ಮಂಗಳಮ್ಮ.

ಉಳಿದದ್ದು ಹಾಲಿನ ಚೊಂಬಿನ ಮೇಲಿನ ಬೆರಳಚ್ಚು. ಅದು ಮಂಗಳಮ್ಮನ ಮಗ ರವೀಂದ್ರನದು. ದಿನಾ ಮುದುಕಿಗೆ ಹಾಲು ಕೊಡುವವನ ಬೆರಳು ಚೊಂಬಿನ ಮೇಲೆ ಇರದೆ ಇನ್ನೆಲ್ಲಿರುತ್ತದೆ? ಆದರೆ ಹಿಂದಿನ ಸಂಜೆ ಅವನು ಹಿತ್ತಲ ಬೇಲಿಗಾಗಿ ಮುದುಕಿಯ ಜೊತೆ ಜಗಳವಾಡಿದ್ದು ಬೀದಿಗೆಲ್ಲ ಕೇಳಿಸಿತ್ತು. ಹಿಡಿದುಕೊಂಡು ಹೋದರು.

ಆಮೇಲೆ ಮಂಗಳಮ್ಮ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಹಸು ಕರೆಯಲು ಕೂತವಳು ಅರ್ಧಕ್ಕೇ ಎದ್ದು ಬಸ್ಸು ಹತ್ತಿಬಿಡುವಳು, ಪೇಟೆಯ ಠಾಣೆಯಲ್ಲಿ "ರಿಪೋರ್ಟು ಬಂತಾ?" ಎಂದು ಕೇಳುವಳು. ಮರಣೋತ್ತರ ಪರೀಕ್ಷೆಯಲ್ಲಿ ಕುಳ್ಳಮ್ಮನ ಮುಷ್ಟಿಯೊಳಗೆ ಯಾರದೋ ಕೂದಲು ಸಿಕ್ಕಿತ್ತು. ಸೆಟೆದ ಆ ಮುಷ್ಟಿಯನ್ನು ಬಿಡಿಸಲಾಗದೆ ಮಂಗಳಮ್ಮ ಹಾಗೆಯೇ ಹೆಬ್ಬೆರಳುಗಳನ್ನು ಕಟ್ಟಿದ್ದಳು. ಆ ಕೂದಲು, ರವೀಂದ್ರನ ರಕ್ತ ಎರಡೂ ಪ್ರಯೋಗಾಲಯಕ್ಕೆ ಹೋಗಿದ್ದವು. ವರದಿ ಬೇಗ ಬರಲೆಂದು ಕಂಡ ದೇವರಿಗೆಲ್ಲ ಹರಕೆ ಹೊರುವವಳು, ಪೊಲೀಸ್ ಜೀಪು ಊರೊಳಗೆ ಬಂದರೆ ಮಾತ್ರ ಮನೆ ಸೇರಿ ಅಗುಳಿ ಹಾಕಿಕೊಳ್ಳುವಳು. ನಮ್ಮ ಮಂದಬುದ್ಧಿಗೆ ಅದೇಕೆಂದು ಹೊಳೆಯಲಿಲ್ಲ.

ಕೊನೆಗೂ ವರದಿ ಬಂತು. ಕೂದಲು ರವೀಂದ್ರನದಲ್ಲ. ಬೇರೆ ಊರಿನಲ್ಲಿ ಸರ ಕೀಳುವಾಗ ಸಿಕ್ಕಿಬಿದ್ದಿದ್ದ ಒಬ್ಬನ ಡಿಎನ್‌ಎಗೆ ಅದು ಹೊಂದಿತು. ರವೀಂದ್ರನನ್ನು ಬಿಟ್ಟರು. ಕರೆತರಲು ಮಂಗಳಮ್ಮನ ಜೊತೆ ನಾನೂ ಹೋಗಿದ್ದೆ. ಬಸ್ಸಿನಲ್ಲಿ ತಾಯಿ ಮಗ ಒಂದೇ ಸೀಟಿನಲ್ಲಿ ಕೂತರು, ನಾನು ಹಿಂದೆ.

"ನೆಲದ್ ಮೇಲೆ ಆ ಕಳ್ಳನ ಹೆಜ್ಜೆ ಇದ್ದಿದ್ರೆ ನಾನು ಅವತ್ತೇ ಮನೇಗ್ ಬತ್ತಿದ್ದೆ ಕಣವ್ವ," ಅಂದ ರವೀಂದ್ರ. "ಯಾಕೆ ಸಾರಿಸ್ದೆ?"

ಪೊಲೀಸರಿಗೆ ಹೇಳಿದ್ದನ್ನೇ ಹೇಳಲು ಆಕೆ ಬಾಯಿ ತೆರೆದಳು. ಅಂಥ ಬಾಯಿಗೂ ಅವತ್ತು ಸುಳ್ಳು ಬರಲಿಲ್ಲ.

"ನೀನೇ ಮಾಡ್ಬುಟ್ಟೆ ಅಂದ್ಕಂಡೆ ಕಣ್ಲಾ."

ರವೀಂದ್ರ ಪಕ್ಕದಿಂದ ಎದ್ದ. ಬಸ್ಸಿನ ತುಂಬ ಸೀಟು ಖಾಲಿಯಿದ್ದರೂ ಊರು ಬರುವವರೆಗೆ ಬಾಗಿಲ ಬಳಿ ನಿಂತೇ ಇದ್ದ.